ಬಾಂಡ್ ವಾಚುಗಳ ಸಂಗ್ರಹ: 6538 ಮಾದರಿ ಜೋಡಿಸೋದು, 2541.80 ಪರೀಕ್ಷೆ, ಪಲ್ಸರ್ ಪಿ2

ಮುಳ್ಳುಗಂಟೆ (ಪ್ರಶ್ನೆ):
ಗೂಢಚಾರ ಜೇಮ್ಸ್ ಬಾಂಡ್ ಸಿನಿಮಾಗಳ ವಾಚುಗಳದ್ದೊಂದು ಸಣ್ಣ ಸಂಗ್ರಹ ಮಾಡಬೇಕು, ಮೂರೇ ಸಾಕು. ಮೊದಲನೆಯದು 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಶಾನ್ ಕಾನರಿ ಕಟ್ಟಿದ್ದ ರೋಲೆಕ್ಸ್ ಸಬ್‌ಮರೀನರ್ 6538ರ ಹಾಗಿರಬೇಕು. ಅಸಲಿ ಕೈಗೆಟುಕೋದಲ್ಲ, ಬಿಡಿಭಾಗ ತಂದು ಜೋಡಿಸುವ ಯೋಚನೆ. ಎರಡನೆಯದು 1995ರ ‘ಗೋಲ್ಡನ್‌ಐ’ನ ಒಮೆಗಾ ಸೀಮಾಸ್ಟರ್ 2541.80, ಇದು ಅಸಲಿಯೇ ಬೇಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಮೂರನೆಯದು 1973ರ ‘ಲಿವ್ ಅಂಡ್ ಲೆಟ್ ಡೈ’ಯ ಕೆಂಪು ಅಂಕಿಯ ಹ್ಯಾಮಿಲ್ಟನ್ ಪಲ್ಸರ್ ಪಿ2. ಮೊದಲನೆಯದಕ್ಕೆ ಯಾವ ಮೆಷಿನ್, ಎಷ್ಟು ಅಗಲದ ಬೆಲ್ಟ್? ಉಳಿದೆರಡನ್ನು ಕೊಳ್ಳುವಾಗ ಏನು ನೋಡಬೇಕು?

ಬಾಲವ್ಹೀಲು:
6538ರಲ್ಲಿ ತಾರೀಖಿನ ಕಿಂಡಿ ಇಲ್ಲ. ಎನ್‌ಎಚ್35 ಮೆಷಿನ್ ಹಾಕಿದರೆ ಡಯಲ್ ಕೆಳಗೆ ತಾರೀಖಿನ ಚಕ್ರ ಸುಮ್ಮನೆ ಸುತ್ತುತ್ತಿರುತ್ತೆ, ಕ್ರೌನ್ (ಕೀ ಕೊಡುವ ಬದಿಯ ತಿರುಪು) ಎಳೆದಾಗ ಕೆಲಸಕ್ಕೆ ಬಾರದ ಒಂದು ‘ಟಿಕ್’ ಹೆಚ್ಚಿಗೆ ಸಿಗುತ್ತೆ. ಎನ್‌ಎಚ್38 ತಗೊಳ್ಳಿ, ಅದರಲ್ಲಿ ತಾರೀಖೇ ಇಲ್ಲ. ಎರಡರ ಮುಳ್ಳಿನ ರಂಧ್ರಗಳೂ ಒಂದೇ ಅಳತೆ: ಗಂಟೆಗೆ 1.50, ನಿಮಿಷಕ್ಕೆ 0.90, ಸೆಕೆಂಡಿಗೆ 0.20 ಮಿ.ಮೀ. ಡಯಲ್ 28.5 ಮಿ.ಮೀ. ಇರಲಿ. ಡಯಲ್ ಕಾಲುಗಳು (ಹಿಂಬದಿಯ ಪುಟ್ಟ ಮೊಳೆಗಳು) 3 ಗಂಟೆಯ ಕ್ರೌನಿಗೆ ಹೊಂದುತ್ತವಾ ಅಂತ ಕೇಳಿಯೇ ಕೊಳ್ಳಿ. ಸೀಕೋ ಕಂಪನಿಯ ಡೈವಿಂಗ್ ವಾಚುಗಳಿಗೆ ಅಂತ ಮಾಡಿದ ಡಯಲ್‌ಗಳಲ್ಲಿ ಕ್ರೌನ್ 4 ಗಂಟೆ ಹತ್ತಿರ ಬರುತ್ತೆ, ಅದನ್ನಿಲ್ಲಿ ಕೂರಿಸಿದರೆ 12ರ ಗುರುತು ಓರೆಯಾಗುತ್ತೆ.

ಕೇಸ್ 38 ಮಿ.ಮೀ., ಕ್ರೌನ್ 8 ಮಿ.ಮೀ., ಕ್ರೌನ್ ಪಕ್ಕದ ಕಾವಲು ಕೊಂಬುಗಳು ಇಲ್ಲದ್ದು. ಈ ದೊಡ್ಡ ಬೋಳು ಕ್ರೌನೇ ಆ ವಾಚಿನ ಮುಖಚಹರೆ. ಕೊಂಬಿರುವ ಕೇಸ್ ತಂದರೆ ಮಿಕ್ಕಿದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಅದು ಬೇರೆ ಕಾಲದ ಸಬ್‌ಮರೀನರ್ ಥರ ಕಾಣುತ್ತೆ. ಡಯಲ್ ಮೇಲೆ ಬ್ರ್ಯಾಂಡ್ ಹೆಸರಿಲ್ಲದ್ದನ್ನೇ ಆರಿಸಿ. ರೋಲೆಕ್ಸ್ ಹೆಸರು ಅಚ್ಚಾಗಿದ್ದರೆ ಅದು ನಕಲಿ ಮಾಲು, ಅದಕ್ಕೆ ಸಂಗ್ರಹದಲ್ಲಿ ಜಾಗ ಇರಬಾರದು.

ಎಡವಟ್ಟಾಗೋದು ಹೆಚ್ಚಾಗಿ ಸ್ಟೆಮ್ (ಕ್ರೌನನ್ನು ಮೆಷಿನ್‌ಗೆ ಸೇರಿಸುವ ಸಣ್ಣ ಕಡ್ಡಿ) ಕತ್ತರಿಸುವಾಗ. ತಿರುಪಿ ಮುಚ್ಚುವ ಕ್ರೌನ್ ಒಳಗೆ ಸ್ಪ್ರಿಂಗ್ ಇರುತ್ತೆ. ಅದನ್ನು ಪೂರ್ತಿ ಒತ್ತಿ ಹಿಡಿದೇ ಅಳತೆ ತಗೊಳ್ಳಬೇಕು. ಬೇಕಿದ್ದಕ್ಕಿಂತ ಅರ್ಧ ಮಿ.ಮೀ. ಉದ್ದ ಬಿಟ್ಟು ಕತ್ತರಿಸಿ, ಆಮೇಲೆ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲ ಹಾಕಿ ನೋಡಿ. ಸ್ಟೆಮ್ ಬಿಡಿಸುವಾಗ ಅದನ್ನು ಹಿಡಿದಿರುವ ಲಿವರ್‌ನ ಗುಳಿಯನ್ನು ಮೆಲ್ಲಗೆ ಒತ್ತಿ. ಜೋರಾಗಿ ಒತ್ತಿದರೆ ಲಿವರ್ ಜಾಗ ಬಿಟ್ಟು ಜಾರುತ್ತೆ, ಮತ್ತೆ ಡಯಲ್ ತೆಗೆದು ಕೂರಿಸಬೇಕಾಗುತ್ತೆ.

ಪಟ್ಟಿಪಿನ್ನು:
ಬೆಲ್ಟ್ ವಿಷಯಕ್ಕೆ ಬರ್ತೀನಿ, ಜನ ಹೆಚ್ಚು ತಪ್ಪೋದು ಇಲ್ಲೇ. ‘ಬಾಂಡ್ ನೇಟೋ’ ಅಂತ ಮಾರೋದು ಕಪ್ಪು-ಬೂದು ಪಟ್ಟೆಯದ್ದು. ಸಿನಿಮಾದಲ್ಲಿದ್ದದ್ದು ಕಡು ನೀಲಿ, ಅದರ ಮೇಲೆ ಪಾಚಿ ಹಸಿರು ಪಟ್ಟೆ, ಹಸಿರಿನ ಅಂಚಿಗೆ ಎಳೆಯಷ್ಟು ಕೆಂಪು. ಅದು ನೇಟೋ ಬೆಲ್ಟೂ ಅಲ್ಲ. ನೇಟೋ ಅಂತ ಕರೆಯೋ ಬ್ರಿಟಿಷ್ ಸೇನೆಯ ಜಿ10 ನೈಲಾನ್ ಬೆಲ್ಟಿನ ಮಾನದಂಡ ಬಂದದ್ದೇ 1973ರಲ್ಲಿ. ಹಾಗಾಗಿ ಕೆಳಗಡೆ ಎರಡನೇ ಪಟ್ಟಿ ಇಲ್ಲದ, ಒಂದೇ ಎಳೆಯ ನೈಲಾನ್ ಬೆಲ್ಟ್ ಹುಡುಕಿ.

ಇನ್ನು ಅಗಲ. ವಾಚಿನ ಕಾಲುಗಳ (ಬೆಲ್ಟ್ ಸಿಕ್ಕಿಸುವ ಕೇಸಿನ ಚಾಚುಗಳ) ನಡುವೆ 20 ಮಿ.ಮೀ. ಇದ್ದರೂ ತೆರೆ ಮೇಲೆ ಬೆಲ್ಟ್ ಅದಕ್ಕಿಂತ ಕಿರಿದು, ಎರಡೂ ಬದಿ ಪಿನ್ ಬರಿದಾಗಿ ಕಾಣುತ್ತೆ. ದಿನಾ ಕಟ್ಟೋದಾದರೆ 18 ಮಿ.ಮೀ. ಒಳ್ಳೇದು, 16ರದ್ದು ಆ ಕಡೆ ಈ ಕಡೆ ಜಾರ್ತಾ ಇರುತ್ತೆ. ಹೊರಗೆ ಕಾಣುವ ಪಿನ್ ಆದ್ದರಿಂದ ದಪ್ಪದ್ದನ್ನೇ ಹಾಕಿ. ಭುಜ (ತುದಿಯ ಹತ್ತಿರದ ಏಣು) ಇಲ್ಲದ ಪಿನ್ ಹಾಕೋದಾದರೆ ಕೇಸಿನ ಕಾಲುಗಳಲ್ಲಿ ಆಚೆಯಿಂದ ಈಚೆಗೆ ತೂರುವ ತೂತು ಇರಲೇಬೇಕು. ಇಲ್ಲದಿದ್ದರೆ ಪಿನ್ ತೆಗೆಯುವ ಫೋರ್ಕ್‌ಗೆ ಹಿಡಿತವೇ ಸಿಗಲ್ಲ, ಒಮ್ಮೆ ಕೂತ ಪಿನ್ ಆಚೆ ಬರಲ್ಲ.

ಮುಳ್ಳುಗಂಟೆ:
ತುಂಬಾ ಉಪಕಾರ. ಇನ್ನೊಂದೇ ಪ್ರಶ್ನೆ: ಜೋಡಿಸಿದ ಮೇಲೆ ಒಳಗೆ ತೇವ ಉಳಿದಿದೆಯಾ ಅಂತ ಮನೆಯಲ್ಲೇ ತಿಳಿಯೋದು ಹೇಗೆ?

ಬಾಲವ್ಹೀಲು:
ವಾಚನ್ನು 40–45 ಡಿಗ್ರಿಯ ಬೆಚ್ಚಗಿನ ತಟ್ಟೆ ಮೇಲೆ ಇಡಿ. ಪೂರ್ತಿ ಬಿಸಿಯಾದ ಮೇಲೆ ಗಾಜಿನ ನಡುವೆ ಒಂದು ಹನಿ ತಣ್ಣೀರು ಬಿಡಿ. ಒಂದು ನಿಮಿಷ ಬಿಟ್ಟು ಒರೆಸಿ. ಗಾಜಿನ ಒಳಮೈಯಲ್ಲಿ ಮಬ್ಬು ಕಂಡರೆ ಒಳಗೆ ತೇವ ಇದೆ ಅಂತಲೇ ಅರ್ಥ. ಡೈವಿಂಗ್ ವಾಚುಗಳ ಐಎಸ್‌ಒ 6425 ಮಾನದಂಡದಲ್ಲೂ ಇದೇ ಪರೀಕ್ಷೆ ಇದೆ. ಆದರೆ ಇದು ಒಳಗಿರುವ ತೇವ ಹೇಳುತ್ತೆ ಅಷ್ಟೇ, ನೀರು ತಡೆಯುತ್ತಾ ಅನ್ನೋದಕ್ಕೆ ಗಾಳಿ ಒತ್ತಡದ ಒಣ ಪರೀಕ್ಷೆ ಬೇರೆ ಮಾಡಿಸಲೇಬೇಕು. ಕೇಸಿನ ಬೆನ್ನ ಮೇಲೆ 200 ಮೀ. ಅಂತ ಕೊರೆದಿದೆ ಅಂತ ಈಜಲು ಇಳಿಯಬೇಡಿ.

ಹೊಳಪುಗಪ್ಪು:
2541.80 ಕ್ವಾರ್ಟ್ಜ್, ಅಂದರೆ ಸೆಲ್‌ನಿಂದ ಓಡುವಂಥದ್ದು. ಸೆಕೆಂಡಿನ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡಬೇಕು, ಡಯಲ್ ಮೇಲೆ ‘ಆಟೋಮ್ಯಾಟಿಕ್’ ಅನ್ನೋ ಪದ ಇರಬಾರದು. ಇದ್ದರೆ ಅದು 1997ರ ‘ಟುಮಾರೋ ನೆವರ್ ಡೈಸ್’ನ 2531.80. ದೂರದಿಂದ ಎರಡೂ ಅವಳಿಜವಳಿ, ಅದೇ ಅಲೆಯ ನೀಲಿ ಡಯಲ್, 10 ಗಂಟೆಯ ಹತ್ತಿರ ಅದೇ ಹೀಲಿಯಂ ವಾಲ್ವ್ (ಒಳಸೇರಿದ ಹೀಲಿಯಂ ಅನಿಲ ಹೊರಬಿಡುವ ಗುಂಡಿ).

ಕತ್ತಲಲ್ಲಿ ನೋಡೋದು ಮರೆಯಬೇಡಿ. ಆರಂಭದ ಡಯಲ್‌ಗಳಲ್ಲಿ ಕತ್ತಲಲ್ಲಿ ಹೊಳೆಯಿಸುವ ವಿಕಿರಣ ವಸ್ತು ಟ್ರಿಟಿಯಂ ಇದೆ, 6ರ ಕೆಳಗೆ ‘ಸ್ವಿಸ್ ಮೇಡ್’ ಅಕ್ಕಪಕ್ಕ ‘ಟಿ’ ಅಕ್ಷರ ಇರುತ್ತೆ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಅಂದರೆ 1995ರದ್ದರಲ್ಲಿ ಈಗ ಐದನೇ ಒಂದು ಪಾಲೂ ಉಳಿದಿಲ್ಲ. ಡಯಲ್ ಮಂಕಾಗಿದ್ದು ಮುಳ್ಳು ಮಾತ್ರ ಜೋರಾಗಿ ಹೊಳೆದರೆ ಮುಳ್ಳು ಬದಲಾಗಿದೆ. ಸರ್ವಿಸ್‌ಗೆ ಕೊಡುವಾಗ ಡಯಲ್, ಮುಳ್ಳು ಬದಲಿಸಬೇಡಿ, ಪಾಲಿಶ್ ಮಾಡಬೇಡಿ ಅಂತ ಬರೆದೇ ಕೊಡಿ.

ಪಿ2 ಬಗ್ಗೆ: ಅದು ಎಲ್‌ಇಡಿ, ಸೆಲ್ ಬೇಗ ಮುಗಿಯುತ್ತೆ ಅಂತಲೇ ಗುಂಡಿ ಒತ್ತಿದಾಗ ಮಾತ್ರ ಸಮಯ ತೋರಿಸುತ್ತೆ. ಅಂಕಿಯ ಎಲ್ಲ ಗೆರೆಗಳೂ ಉರಿಯುತ್ತವಾ ನೋಡಿ, ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಸಮಯ ಹೊಂದಿಸುವ ಪುಟ್ಟ ಅಯಸ್ಕಾಂತ ಚೈನಿನ ಕೊಂಡಿಯೊಳಗೇ ಇರುತ್ತೆ, ಅದು ಇದೆಯಾ ಅಂತ ಮೊದಲು ಕೇಳಿ. ಕಟ್ಟಿಕೊಳ್ಳೋಕೇ ಬೇಕಾದರೆ 2020ರಲ್ಲಿ ಹ್ಯಾಮಿಲ್ಟನ್ ತಂದ ಪಿಎಸ್‌ಆರ್ ವಾಸಿ, ಅದರಲ್ಲಿ ಎಲ್‌ಸಿಡಿ ಇರೋದರಿಂದ ಗುಂಡಿ ಒತ್ತದೇ ಇದ್ದರೂ ಸಮಯ ಕಾಣುತ್ತೆ.

ಮುಂದೆ ಎಂದಾದರೂ 1950ರ ದಶಕದ ಅಸಲಿ ಡೈವರ್ ಸಿಕ್ಕಿದರೆ ಮನೆಯಲ್ಲಿ ಬಿಚ್ಚಬೇಡಿ. ಆಗಿನ ಡಯಲ್‌ಗಳಲ್ಲಿ ರೇಡಿಯಂ ಬಳಿಯುತ್ತಿದ್ದರು. ಹೊಳಪು ಸತ್ತಿದ್ದು ಅದರ ಜೊತೆ ಬೆರೆಸಿದ ಸತುವಿನ ಸಲ್ಫೈಡ್ ಸವೆದದ್ದರಿಂದ, ರೇಡಿಯಂ ಇನ್ನೂ ಜೀವಂತ, ಅದರ ಅರ್ಧಾಯುಷ್ಯ 1,600 ವರ್ಷ. ಉದುರುವ ಪುಡಿ ಉಸಿರಿನಲ್ಲಿ ಹೋಗೋದೇ ಅಪಾಯ. 1965ರ ‘ಥಂಡರ್‌ಬಾಲ್’ನ ಬ್ರೈಟ್ಲಿಂಗ್ ಟಾಪ್ ಟೈಮ್‌ಗೆ ಕಥೆಯಲ್ಲಿ ವಿಕಿರಣ ಪತ್ತೆಹಚ್ಚುವ ಗೈಗರ್ ಕೌಂಟರ್ ಜೋಡಿಸಿದ್ದರು, ಹಳೆ ಡಯಲ್ ಕೊಳ್ಳುವವರ ಹತ್ತಿರ ನಿಜಕ್ಕೂ ಅಂಥದ್ದೊಂದು ಇರಬೇಕು.