ಸಹಾಯ ಬೇಕು: ವಿಚಾರಣೆಯಿಂದ ಹಿಂದೆ ಸರಿಯುವ ನ್ಯಾಯಮೂರ್ತಿಗಳು ಕಾರಣ ಹೇಳಲೇಬೇಕೇ?

ಹಿರಿಯ ವಕೀಲರಿಗೂ ಉಪನ್ಯಾಸಕರಿಗೂ ನಮಸ್ಕಾರ. ಕಾನೂನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ, ಪಕ್ಷಪಾತದ ಶಂಕೆ ಬಾರದಿರಲೆಂದು ಪ್ರಕರಣದಿಂದ ಹಿಂದೆ ಸರಿಯುವ ನ್ಯಾಯಮೂರ್ತಿಗಳು ಲಿಖಿತ ಕಾರಣ ನೀಡಲೇಬೇಕು ಎಂದು ನಾನು ವಾದಿಸಬೇಕಾಗಿದೆ. ವರ್ಷಗಟ್ಟಲೆ ಕಾದ ಕಕ್ಷಿದಾರರ ಕೈಗೆ ‘ಬೇರೆ ಪೀಠದ ಮುಂದೆ ಇಡಿ’ ಎಂಬ ಒಂದೇ ಸಾಲಿನ ಆದೇಶ ಬರುವುದು ಸರಿಯಲ್ಲವೆಂಬುದು ನನ್ನ ನಂಬಿಕೆಯೂ ಹೌದು. ಪಕ್ಷಪಾತದ ಶಂಕೆಯನ್ನು ಕಕ್ಷಿದಾರರ ಮನಸ್ಸಿನಿಂದಲೇ ಅಳೆಯಬೇಕೆಂದು ಸುಪ್ರೀಂ ಕೋರ್ಟಿನ 1987ರ ರಂಜಿತ್ ಠಾಕೂರ್ ತೀರ್ಪು ಹೇಳಿರುವುದರಿಂದ ಅಲ್ಲಿಯವರೆಗೆ ತೊಡಕಿಲ್ಲ. ಆದರೆ ಅದೇ ಕೋರ್ಟಿನ 2015ರ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗದ ಪ್ರಕರಣದಲ್ಲಿ, ಕಾರಣ ನೀಡುವುದು ಕರ್ತವ್ಯವೆಂದು ನ್ಯಾ. ಕುರಿಯನ್ ಜೋಸೆಫ್ ಬರೆದರೆ, ಅದೇ ಪೀಠದಲ್ಲಿದ್ದ ನ್ಯಾ. ಮದನ್ ಲೋಕೂರ್ ಅದನ್ನು ಒಪ್ಪಲಿಲ್ಲ. ಎರಡನ್ನೂ ಪದೇಪದೇ ಓದಿದರೂ, ಅಧ್ಯಾಪಕರನ್ನು ವಿಚಾರಿಸಿದರೂ ಗೊಂದಲ ತೀರಿಲ್ಲ. ಇವುಗಳಲ್ಲಿ ಕೆಳ ನ್ಯಾಯಾಲಯಗಳನ್ನು ಬಂಧಿಸುವ ಅಭಿಪ್ರಾಯ ಯಾವುದು, ಅಥವಾ ಇದನ್ನು ಇತ್ಯರ್ಥಪಡಿಸಿದ ನಂತರದ ತೀರ್ಪು ಯಾವುದಾದರೂ ಇದೆಯೇ?