ಎಂಟು ತಂಡ ಸುತ್ತಿದ ರಾಜೇ ಡೇವಿಸ್‌ನನ್ನು ಕ್ಲೀವ್‌ಲ್ಯಾಂಡ್ ಜನ ಯಾಕೆ ಇಷ್ಟು ನೆನೆಯುತ್ತಾರೆ?

ಹೊಸಬ_ಓಹಾಯೋ:

ಎಲ್ಲರಿಗೂ ನಮಸ್ಕಾರ. ನಮ್ಮೂರು ದಾವಣಗೆರೆ. ಕ್ಲೀವ್‌ಲ್ಯಾಂಡ್‌ಗೆ ಬಂದು ಏಳು ತಿಂಗಳಾಯಿತು. ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವನಲ್ಲ. ಇಲ್ಲಿ ಆಫೀಸಿನಲ್ಲಿ ಬೇಸ್‌ಬಾಲ್ ಮಾತು ಶುರುವಾದರೆ ಒಂದಲ್ಲ ಒಂದು ಹೊತ್ತಿಗೆ ರಾಜೇ ಡೇವಿಸ್ ಹೆಸರು ಬಂದೇ ಬರುತ್ತದೆ. ಯಾರಿರಬಹುದು ಅಂತ ಹುಡುಕಿ ನೋಡಿದೆ. ಔಟ್‌ಫೀಲ್ಡರ್. 14 ವರ್ಷ, ಎಂಟು ತಂಡ. ಬ್ಯಾಟಿಂಗ್ ಸರಾಸರಿ .262 (ಸುಮಾರು ನಾಲ್ಕು ಸಲಕ್ಕೆ ಒಂದು ಹಿಟ್), ಹೋಮ್ ರನ್ (ನಮ್ಮ ಸಿಕ್ಸರ್ ಥರ ಗೋಡೆ ದಾಟುವ ಹೊಡೆತ) ಒಟ್ಟು 62. ಇಲ್ಲಿ ಆಡಿದ್ದು ಎರಡೇ ವರ್ಷ. ಎಲ್ಲರೂ ಹೇಳುವ ಆ ಹೋಮ್ ರನ್ ಹೊಡೆದ ಪಂದ್ಯವನ್ನೂ ಕ್ಲೀವ್‌ಲ್ಯಾಂಡ್ ಸೋತಿದೆ. ಆದರೂ ಯಾಕೆ ಇಷ್ಟು ಪ್ರೀತಿ? ಹೀಗೆ ತಂಡದಿಂದ ತಂಡಕ್ಕೆ ಹೋಗುವವರ ಬದುಕು ಹೇಗಿರುತ್ತದೆ? ತಿಳಿದವರು ಹೇಳಿ.

ಈರಿ_ಕೆರೆದಂಡೆ:

ನೀವು ಕೇಳಿದ್ದು ಖುಷಿಯಾಯಿತು. ನಾನು 2003ರಿಂದ ಇಲ್ಲೇ ಪಾರ್ಮಾದಲ್ಲಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅವನು ನನಗೆ ತುಂಬಾ ಇಷ್ಟದ ಆಟಗಾರ.

ಹುಟ್ಟಿದ್ದು ಕನೆಕ್ಟಿಕಟ್‌ನಲ್ಲಿ. 2001ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಪಿಟ್ಸ್‌ಬರ್ಗ್ ಪೈರೇಟ್ಸ್ ಅವನನ್ನು ತೆಗೆದುಕೊಂಡಿದ್ದು 38ನೇ ಸುತ್ತಿನಲ್ಲಿ. ಆಗ 50 ಸುತ್ತು ನಡೆಯುತ್ತಿತ್ತು, ಈಗ 20ಕ್ಕೇ ಮುಗಿಯುತ್ತದೆ. ಇವತ್ತಾಗಿದ್ದರೆ ಅವನ ಹೆಸರನ್ನು ಯಾರೂ ಕೂಗುತ್ತಲೇ ಇರಲಿಲ್ಲ. ಮೈನರ್ ಲೀಗ್‌ನಲ್ಲಿ, ಅಂದರೆ ಕೆಳಗಿನ ಹಂತದ ತಂಡಗಳಲ್ಲಿ, ಐದು ವರ್ಷ ಊರೂರು ಸುತ್ತಿ ದೊಡ್ಡ ತಂಡಕ್ಕೆ ಬಂದಾಗ 2006ರ ಆಗಸ್ಟ್, ವಯಸ್ಸು 25. ವರ್ಷ ತುಂಬುವ ಮೊದಲೇ ಮ್ಯಾಟ್ ಮಾರಿಸ್ ಅನ್ನೋ ಪಿಚರ್‌ಗೋಸ್ಕರ (ಪಿಚರ್ ಅಂದರೆ ನಮ್ಮ ಬೌಲರ್ ಥರ) ಅವನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕೊಟ್ಟುಬಿಟ್ಟರು. 2008ರ ಏಪ್ರಿಲ್‌ನಲ್ಲಿ ಅವರೂ ಕೈಬಿಟ್ಟರು. ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್ ಎತ್ತಿಕೊಂಡಿತು. ಆಮೇಲೆ ಟೊರಾಂಟೊ, ಡೆಟ್ರಾಯಿಟ್, ನಮ್ಮ ಕ್ಲೀವ್‌ಲ್ಯಾಂಡ್, ಮತ್ತೆ ಓಕ್‌ಲ್ಯಾಂಡ್, ಬಾಸ್ಟನ್, ಮತ್ತೆ ನಾವು, ಕೊನೆಗೆ ನ್ಯೂಯಾರ್ಕ್ ಮೆಟ್ಸ್.

ಇಷ್ಟು ಜನ ಬಿಟ್ಟರು ಅಂತ ನೋಡಬಹುದು. ಇಷ್ಟು ಜನ ಕರೆದರು ಅಂತಲೂ ನೋಡಬಹುದು. ನಾನು ಎರಡನೇ ಥರ ನೋಡುತ್ತೇನೆ. ಕರೆಯೋದಕ್ಕೆ ಕಾರಣ ಅವನ ಹತ್ತಿರ ಇದ್ದ ಎರಡು ಕಸುಬು.

ಒಂದು ಕಾಲು. ಒಟ್ಟು 415 ಸ್ಟೀಲ್. ರನ್ ತೆಗೆಯಲು ಒಂದಾದ ಮೇಲೊಂದು ಮುಟ್ಟಬೇಕಾದ ಜಾಗಕ್ಕೆ ಬೇಸ್ ಅಂತಾರೆ, ಬ್ಯಾಟರ್ ಹೊಡೆಯುವುದನ್ನು ಕಾಯದೆ ಓಡಿ ಮುಂದಿನ ಬೇಸ್ ಕದಿಯುವುದೇ ಸ್ಟೀಲ್. 2010ರಲ್ಲಿ ಒಂದೇ ವರ್ಷಕ್ಕೆ 50. ನಮ್ಮ ತಂಡಕ್ಕೆ ಬಂದ 2016ರಲ್ಲಿ 43, ಇಡೀ ಅಮೆರಿಕನ್ ಲೀಗ್‌ನಲ್ಲಿ (ದೊಡ್ಡ ತಂಡಗಳ ಎರಡು ಗುಂಪಿನಲ್ಲಿ ಒಂದು) ಅವನದೇ ಜಾಸ್ತಿ. ಆಗ ಅವನಿಗೆ 35. ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ. ಪಿಚರ್ ಚೆಂಡನ್ನು ಬ್ಯಾಟರ್ ಕಡೆ ಎಸೆಯಲು ಶುರುಮಾಡಿದ ಕ್ಷಣ ಓಡಬೇಕು, ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಹಿಡಿದು ಎರಡನೇ ಬೇಸಿಗೆ ಎಸೆಯುವಷ್ಟರಲ್ಲಿ ಅಲ್ಲಿರಬೇಕು. ಅರ್ಧ ಹೆಜ್ಜೆ ಬೇಗ ಹೊರಟರೆ ಪಿಚರ್ ತಿರುಗಿ ಮೊದಲ ಬೇಸಿಗೇ ಎಸೆದು ಔಟ್ ಮಾಡುತ್ತಾನೆ. ಆ ಬೇಸಿಗೆಕಾಲದಲ್ಲಿ ಮೊದಲ ಬೇಸಿನ ಕಡೆ ಕೂತು ಇದನ್ನು ಹತ್ತಿರದಿಂದ ನೋಡಿದ್ದೇನೆ. ಅವನು ಬೇಸ್ ಬಿಟ್ಟು ನಾಲ್ಕು ಹೆಜ್ಜೆ ಸರಿದು ಮಂಡಿ ಬಗ್ಗಿಸಿ ನಿಂತರೆ ಸಾಕು, ಪಿಚರ್ ಬ್ಯಾಟರ್‌ನನ್ನು ಮರೆತು ಇವನನ್ನೇ ನೋಡುತ್ತಿದ್ದ.

ಎರಡನೆಯದು, ಎಡಗೈ ಪಿಚರ್‌ಗಳು. ಬಲಗೈ ಬ್ಯಾಟರ್‌ಗೆ ಎಡಗೈಯವರ ಚೆಂಡು ಮೊದಲಿಂದಲೇ ಚೆನ್ನಾಗಿ ಕಾಣುತ್ತದೆ. ಅದಕ್ಕೇ ತಂಡಗಳು ಇಂಥ ಒಬ್ಬರನ್ನು ಬೆಂಚಿನಲ್ಲಿ ಇಟ್ಟುಕೊಂಡಿರುತ್ತವೆ. ಎಡಗೈಯವನು ಬಂದ ದಿನ ಇವನ ಆಟ. ಬಾರದ ದಿನ ಪ್ಯಾಡ್ ಕಟ್ಟಿ ಪೆವಿಲಿಯನ್‌ನಲ್ಲಿ ಕೂತ ಹಾಗೆ.

ಈಗ 2016ರ ನವೆಂಬರ್ 2. ವರ್ಲ್ಡ್ ಸೀರೀಸ್‌ನ, ಅಂದರೆ ವರ್ಷದ ಫೈನಲ್ ಸರಣಿಯ, ಕೊನೆಯ ಏಳನೇ ಪಂದ್ಯ, ಇದೇ ಊರಲ್ಲಿ. ಎದುರಿಗೆ ಶಿಕಾಗೊ ಕಬ್ಸ್. ಅವರು 1908ರಿಂದ ಗೆದ್ದಿರಲಿಲ್ಲ, ನಾವು 1948ರಿಂದ. ಬುಧವಾರ ರಾತ್ರಿ, ಮಗನಿಗೆ ಮಾರನೇ ದಿನ ಸ್ಕೂಲಿತ್ತು, ಆದರೂ ಮಲಗು ಅನ್ನಲು ಮನಸ್ಸು ಬರಲಿಲ್ಲ. ಇಲ್ಲಿ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಮೂರು ಔಟ್ ಆದರೆ ಒಂದು ತಂಡದ ಸರದಿ ಮುಗಿಯಿತು. ಎಂಟನೇ ಇನಿಂಗ್ಸ್, ಎರಡು ಔಟ್, ನಾವು 6-3 ಹಿಂದೆ. ಅವರು ಅರೋಲ್ಡಿಸ್ ಚಾಪ್‌ಮನ್‌ನನ್ನು ಇಳಿಸಿದರು. ಎಡಗೈ, ಆ ಕಾಲಕ್ಕೆ ಲೋಕದಲ್ಲೇ ಅತಿ ವೇಗದ ಪಿಚರ್. ಆದರೆ ಐದನೇ ಪಂದ್ಯದಲ್ಲಿ 42, ಆರನೇ ಪಂದ್ಯದಲ್ಲಿ 20 ಚೆಂಡು ಎಸೆದು ದಣಿದಿದ್ದ. ನಮ್ಮ ಬ್ರ್ಯಾಂಡನ್ ಗಾಯರ್ ಹೊಡೆದ ಡಬಲ್‌ಗೆ (ಹೊಡೆದವನು ಎರಡನೇ ಬೇಸ್ ತಲುಪುವ ಹೊಡೆತ) 6-4. ಆಮೇಲೆ ಡೇವಿಸ್.

ಅವನ ಕೈ ನೋಡಿ ಅಂತ ಮಗನಿಗೆ ಹೇಳಿದ್ದು ನೆನಪಿದೆ. ಬ್ಯಾಟನ್ನು ಬುಡದಲ್ಲಿ ಹಿಡಿದಿರಲಿಲ್ಲ. ಮುಷ್ಟಿಯ ಕೆಳಗೆ ಮೂರ್ನಾಲ್ಕು ಬೆರಳಗಲ ಮರ ಎದ್ದು ಕಾಣುತ್ತಿತ್ತು. ಹಾಗೆ ಹಿಡಿದರೆ ಬ್ಯಾಟ್ ಬೇಗ ತಿರುಗುತ್ತದೆ, ಜೋರು ಕಡಿಮೆಯಾಗುತ್ತದೆ. ಅಷ್ಟು ವೇಗಕ್ಕೆ ಬ್ಯಾಟ್ ತಾಗಿದರೆ ಸಾಕು ಅನ್ನೋ ಹಿಡಿತ ಅದು, ಹೋಮ್ ರನ್ ಹಿಡಿತ ಅಲ್ಲವೇ ಅಲ್ಲ. ಒಳಗೆ ಬಂದ ಚೆಂಡನ್ನು ಎಡಗಡೆಗೆ ಎಳೆದ. ನೇರವಾಗಿ, ತಗ್ಗಿನಲ್ಲೇ ಹೋಗಿ ಗೋಡೆ ದಾಟಿತು. ಬೇಸ್ ಮೇಲಿದ್ದ ಗಾಯರ್‌ನದೂ ಸೇರಿ ಎರಡು ರನ್, 6-6. ನಮ್ಮನೆ ಚೂಡಾ ಬಟ್ಟಲು ಸೋಫಾ ಮೇಲೆಲ್ಲಾ ಚೆಲ್ಲಿತು. ಹೊರಗೆ ಬೀದಿಯಲ್ಲಿ ಯಾರೋ ಕಾರಿನ ಹಾರ್ನ್ ಒತ್ತಿ ಹಿಡಿದವರು ಬಿಡಲೇ ಇಲ್ಲ.

ಒಂಬತ್ತು ಇನಿಂಗ್ಸ್ ಮುಗಿದ ಮೇಲೆ ಮಳೆ, 17 ನಿಮಿಷ. ಹತ್ತನೆಯದರಲ್ಲಿ ಕಬ್ಸ್ ಎರಡು ರನ್ ತೆಗೆದರು. ನಮಗೆ ಮತ್ತೆ ಎರಡು ಔಟ್, ಮತ್ತೆ ಡೇವಿಸ್. ಆಗಲೂ ಹೊಡೆದ ನೋಡಿ! ಗಾಯರ್ ಓಡಿ ಬಂದ, 8-7. ಮುಂದಿನವನು ಔಟ್. ಕೊನೆಯ ಔಟ್ ಆದಾಗ ಡೇವಿಸ್ ಬೇಸ್ ಮೇಲೇ ಇದ್ದ.

ಆಪತ್ತಿಗಾದವನೇ ನೆಂಟ ಅಂತೀವಲ್ಲ, ಅಷ್ಟೇ ವಿಷಯ. ಸೋತರೂ ಆ ಎರಡು ಸಲ ನಿಂತಿದ್ದು ಅವನೇ.

ಕಾಫಿಪುಡಿ_ಡೆಟ್ರಾಯಿಟ್:

ನಮ್ಮ ಕಡೆಯದೂ ಒಂದು ಸೇರಿಸಿ. 2014ರ ಜೂನ್ 30, ಎದುರಿಗೆ ಓಕ್‌ಲ್ಯಾಂಡ್. ಒಂಬತ್ತನೇ ಇನಿಂಗ್ಸ್, ನಾವು 4-1 ಹಿಂದೆ, ಮೂರೂ ಬೇಸ್ ತುಂಬಿತ್ತು. ಶಾನ್ ಡೂಲಿಟಲ್ ಎಸೆದಿದ್ದನ್ನು ಡೇವಿಸ್ ಗೋಡೆಯಾಚೆ ಕಳಿಸಿದ. ಒಂದೇ ಹೊಡೆತಕ್ಕೆ ನಾಲ್ಕು ರನ್, 5-4, ಆಟ ಮುಗಿಯಿತು. ಡೂಲಿಟಲ್ ಕೂಡ ಎಡಗೈ.

ಕ್ವೀನ್ಸ್_ಶಿರಸಿ:

ಡೂಲಿಟಲ್ ಹೆಸರು ಬಂತಲ್ಲ, ಹಾಗಾದರೆ 2019ರ ಮೇ 22 ಹೇಳಲೇಬೇಕು. ಡೇವಿಸ್‌ಗೆ ಆಗ 38. ಮೆಟ್ಸ್‌ನ ಕೆಳಗಿನ ತಂಡ ಸಿರಕ್ಯೂಸ್‌ನಲ್ಲಿದ್ದ. ಆ ದಿನ ಆ ತಂಡ ಪೆನ್ಸಿಲ್ವೇನಿಯಾದ ಆಲನ್‌ಟೌನ್‌ನಲ್ಲಿತ್ತು. ಮೇಲಿಂದ ಕರೆ ಬಂತು. ಊಬರ್ ಹತ್ತಿ, 243 ಡಾಲರ್ ಕೊಟ್ಟು ನ್ಯೂಯಾರ್ಕ್‌ಗೆ ಬಂದ. ಬರುವಷ್ಟರಲ್ಲಿ ಆಟ ಮೂರನೇ ಇನಿಂಗ್ಸ್‌ನಲ್ಲಿತ್ತು. ಎಂಟನೆಯದರಲ್ಲಿ ಬದಲಿ ಬ್ಯಾಟರ್ ಆಗಿ ಇಳಿದ. ಎದುರಿಗೆ ವಾಷಿಂಗ್ಟನ್ ತಂಡದ ಶಾನ್ ಡೂಲಿಟಲ್! ಮೂರು ರನ್ನಿನ ಹೋಮ್ ರನ್. ಮೆಟ್ಸ್ 6-1ರಲ್ಲಿ ಗೆದ್ದಿತು. ನಾನು ಮೇಲಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದವರು ‘ಇವನು ಯಾರು?’ ಅಂತ ಕೇಳಿದರು, ನನಗೂ ಗೊತ್ತಿರಲಿಲ್ಲ. ಅಂಗಿಯ ಬೆನ್ನ ಮೇಲಿನ ಹೆಸರು ಓದಿಯೇ ತಿಳಿದುಕೊಂಡಿದ್ದು.

ಹೊಸಬ_ಓಹಾಯೋ:

ಓದುತ್ತಾ ಮೈ ಜುಮ್ಮೆಂದಿತು. ಒಂದು ಅನುಮಾನ. ನಮ್ಮ ರಾಬಿನ್ ಉತ್ತಪ್ಪ ಐಪಿಎಲ್‌ನಲ್ಲಿ ಆರು ತಂಡ ಆಡಿದರಲ್ಲ, ಇದೂ ಹಾಗೇನಾ?

ಈರಿ_ಕೆರೆದಂಡೆ:

ಪೂರ್ತಿ ಹಾಗಲ್ಲ. ಐಪಿಎಲ್ ಎರಡು ತಿಂಗಳು, ಮುಗಿದ ಮೇಲೆ ಮನೆ ಇದ್ದಲ್ಲೇ ಇರುತ್ತದೆ. ಇಲ್ಲಿ ಒಂದು ಸೀಸನ್‌ಗೆ 162 ಪಂದ್ಯ, ವಸಂತದಿಂದ ಶರತ್ಕಾಲದವರೆಗೆ. ಬಹಳಷ್ಟು ಆಟಗಾರರನ್ನು ಟ್ರೇಡ್ ಮಾಡುವಾಗ ನಿನಗೆ ಒಪ್ಪಿಗೆನಾ ಅಂತ ಕೇಳುವುದಿಲ್ಲ. 2017ರ ಆಗಸ್ಟ್‌ನಲ್ಲಿ ಡೇವಿಸ್ ಓಕ್‌ಲ್ಯಾಂಡ್‌ನಿಂದ ಬಾಸ್ಟನ್‌ಗೆ ಹೋಗಿದ್ದು ಸೀಸನ್ ನಡುವೆಯೇ. ಒಂದು ಸಾಗರದ ಅಂಚಿನಿಂದ ಇನ್ನೊಂದಕ್ಕೆ. ಬಾಡಿಗೆ ಮನೆ, ಸಾಮಾನು, ಎಲ್ಲಾ ಹಿಂದಿಂದ ಬರಬೇಕು.

ದುಡ್ಡಿನ ವಿಷಯ. ಮೇಲಿನ ತಂಡದಲ್ಲಿ 43 ದಿನ ಇದ್ದರೆ ಪಿಂಚಣಿಗೆ ಹಕ್ಕು ಬರುತ್ತದೆ. ಹತ್ತು ವರ್ಷ ಆದರೆ ಪೂರ್ತಿ. 38ನೇ ಸುತ್ತಿನ ಹುಡುಗ ಆ ಹತ್ತು ವರ್ಷ ದಾಟಿದ ಅನ್ನೋದು ನನಗೆ ಆ ಹೋಮ್ ರನ್ನಿಗಿಂತ ದೊಡ್ಡದು. ಮಗ ಇದನ್ನು ಒಪ್ಪುವುದಿಲ್ಲ.

ಹೊಸಬ_ಓಹಾಯೋ:

ತುಂಬಾ ಥ್ಯಾಂಕ್ಸ್ ಸರ್. ಮುಂದಿನ ವಾರ ಮೊದಲ ಸಲ ಸ್ಟೇಡಿಯಂಗೆ ಹೋಗುತ್ತಿದ್ದೇನೆ. ಎಲ್ಲಿ ಕೂರಲಿ?

ಈರಿ_ಕೆರೆದಂಡೆ:

ಮೊದಲ ಬೇಸಿನ ಕಡೆ, ಆದಷ್ಟು ಕೆಳಗಿನ ಸಾಲು. ಓಡುವವರ ಕಾಲು ಅಲ್ಲಿಂದಲೇ ಸರಿಯಾಗಿ ಕಾಣುವುದು. ಆಟ ಶುರುವಾಗುವ ಮೊದಲು ಎಡಗಡೆ ದೂರದ ಗೋಡೆ ಒಂದು ಸಲ ನೋಡಿ. 19 ಅಡಿ ಎತ್ತರ ಇದೆ, ಟಿವಿಯಲ್ಲಿ ಅಷ್ಟು ಅನ್ನಿಸುವುದಿಲ್ಲ. ಚೂಡಾ ಕಟ್ಟಿಕೊಂಡು ಹೋಗಿ, ಒಳಗೆ ಎಲ್ಲಾ ದುಬಾರಿ.