ಆರನೇ ಸೆಮ್ ಮುಗಿಯುತ್ತಾ ಬಂತು, ಮುಂದೇನು? ಅನುಭವ ಇದ್ದವರು ಹೇಳಿ

ಇ ಅಂಡ್ ಸಿ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ವಿಟಿಯು ಅಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸಿಜಿಪಿಎ 7.1. ಮೂರನೇ ಸೆಮ್‌ನಲ್ಲಿ ಮ್ಯಾಥ್ಸ್ ಹೋಗಿತ್ತು, ಆಮೇಲೆ ಕ್ಲಿಯರ್ ಆಯಿತು. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತಾಡಲು ಹೋದರೆ ಗಂಟಲು ಕಟ್ಟುತ್ತದೆ. ಕ್ಯಾಂಪಸ್‌ಗೆ ಬರುವುದೆಲ್ಲ ಸಾಫ್ಟ್‌ವೇರ್ ಕಂಪನಿ, ಅದೂ ಕಳೆದ ವರ್ಷ ತೀರಾ ಕಡಿಮೆ. ನನಗೆ ಮೈಕ್ರೋಕಂಟ್ರೋಲರ್ ಲ್ಯಾಬ್ ಅಂದರೆ ಇಷ್ಟ. ಆದರೆ ಕೋರ್‌ನಲ್ಲಿ, ಅಂದರೆ ನಾವು ಓದಿದ ವಿಷಯದಲ್ಲೇ, ಕೆಲಸ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಈ ನಡುವೆ ಗೊತ್ತಿದ್ದವರ ಕಡೆಯಿಂದ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಒಂದೂವರೆ ಲಕ್ಷ ಕೊಟ್ಟರೆ ಬೆಂಗಳೂರಿನಲ್ಲಿ ಕೆಲಸ ಗ್ಯಾರಂಟಿ ಅಂತಾನೆ. ಅಪ್ಪ ಮೆಣಸಿನಕಾಯಿ ಮಾರಿದ ದುಡ್ಡನ್ನು ಅದಕ್ಕೇ ತೆಗೆದಿಟ್ಟಿದ್ದಾರೆ. ನಾನು ಏನು ಮಾಡಲಿ?

ಟೆಸ್ಟಿಂಗ್ ಕೆಲಸದಲ್ಲಿರುವವರು, ಬೆಂಗಳೂರು:

ತಂಗಿ, ಮೊದಲು ಆ ದುಡ್ಡಿನ ಮಾತು. ಕೊಡಬೇಡಿ. ನಾನು ಕೊಟ್ಟು ಕಳೆದುಕೊಂಡವನು. 2018ರಲ್ಲಿ ಪಾಸಾಗಿ ಎಂಟು ತಿಂಗಳು ಕೆಲಸ ಇರಲಿಲ್ಲ. ಮನೆಯಲ್ಲಿ ಮುಖ ತೋರಿಸಲು ಕಷ್ಟ ಅನ್ನಿಸುತ್ತಿತ್ತು. ಆಗ ಒಬ್ಬರು ಒಂದು ದೊಡ್ಡ ಕಂಪನಿಯ ಆಫರ್ ಲೆಟರ್ ತೆಗೆದುಕೊಟ್ಟರು. ಲೋಗೋ, ಸೀಲು, ಸಹಿ ಎಲ್ಲ ಇತ್ತು. ಜಾಯಿನಿಂಗ್ ದಿನ ಗೇಟಿಗೆ ಹೋದರೆ ಸೆಕ್ಯುರಿಟಿಯವರು ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ ಅಂದರು. ಅಂಥದೇ ಲೆಟರ್ ಹಿಡಿದು ಇನ್ನೂ ನಾಲ್ಕು ಜನ ಅಲ್ಲಿ ನಿಂತಿದ್ದರು. ಅಮ್ಮನ ಬಳೆ ಅಡವಿಟ್ಟ ದುಡ್ಡು ಅದು. ಬಿಡಿಸಿಕೊಳ್ಳಲು ನನಗೆ ಮೂರು ವರ್ಷ ಬೇಕಾಯಿತು.

ಇದರದೇ ಇನ್ನೊಂದು ರೂಪ ಇದೆ. ಎರಡು ವರ್ಷದ ಸುಳ್ಳು ಎಕ್ಸ್‌ಪೀರಿಯನ್ಸ್ ಹಾಕಿಸಿ ಕಳಿಸುತ್ತಾರೆ. ಇವತ್ತು ಪಿಎಫ್‌ನ ಯುಎಎನ್ ನಂಬರ್ ನೋಡಿದರೆ ನೀವು ಎಲ್ಲಿ, ಯಾವಾಗಿನಿಂದ ಕೆಲಸ ಮಾಡಿದ್ದೀರಿ ಅಂತ ತಿಳಿಯುತ್ತದೆ. ಕೆಲಸಕ್ಕೆ ಸೇರಿದ ಆರು ತಿಂಗಳ ಮೇಲೆ ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದು ಒಂದೇ ದಿನದಲ್ಲಿ ಹೊರಗೆ ಹೋದವರನ್ನು ಕಂಡಿದ್ದೇನೆ. ಯಾವ ಆಫರ್ ಬಂದರೂ ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ಫೋನ್ ಮಾಡಿ ಕೇಳಿ. ಲೆಟರ್‌ನಲ್ಲಿರುವ ನಂಬರ್‌ಗೆ ಮಾಡಬೇಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅನ್ನುವ ಕಡೆ ಸಹಿ ಹಾಕಲೇಬೇಡಿ.

ಎಂಬೆಡೆಡ್ ಎಂಜಿನಿಯರ್, ಊರು ದಾವಣಗೆರೆ:

ನಾನೂ ಇ ಅಂಡ್ ಸಿ. ವಾಹನಗಳ ಕಂಟ್ರೋಲರ್‌ಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿ ಹನ್ನೊಂದು ವರ್ಷ ಆಯಿತು. ಹೊಸಬರನ್ನು ಇಂಟರ್‌ವ್ಯೂ ಮಾಡುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕೋರ್‌ನಲ್ಲಿ ಕೆಲಸ ಇಲ್ಲ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಕೆಲಸ ಇದೆ, ಆದರೆ ಅದು ನಿಮ್ಮ ಕಾಲೇಜಿಗೆ ಬರುವುದಿಲ್ಲ. ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಕಂಪನಿ ಮಾತ್ರ ಊರೂರಿನ ಕ್ಯಾಂಪಸ್‌ಗೆ ಬರುತ್ತದೆ. ಐದು ಜನ ಬೇಕಾದವರು ಯಾಕೆ ಬರುತ್ತಾರೆ? ಅವರು ಗೊತ್ತಿದ್ದವರನ್ನು ಕೇಳುತ್ತಾರೆ, ಇಂಟರ್ನ್ ಆಗಿ ಬಂದವರನ್ನು ಉಳಿಸಿಕೊಳ್ಳುತ್ತಾರೆ. ಅವರಿರುವ ಕಡೆಗೆ ನೀವೇ ಹೋಗಬೇಕು. ಹೋಗುವಾಗ ಕೈಯಲ್ಲಿ ತೋರಿಸಲು ಏನಾದರೂ ಇರಬೇಕು.

ಆ 'ಏನಾದರೂ' ಅಂದರೆ ಪ್ರಾಜೆಕ್ಟ್. ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತಂದವರು ನಮಗೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತಾರೆ. ನನ್ನದನ್ನೇ ಹೇಳುತ್ತೇನೆ. ನಮ್ಮ ತೋಟದಲ್ಲಿ ಬೋರ್‌ವೆಲ್ ಮೋಟಾರ್ ಎರಡು ಸಲ ಸುಟ್ಟಿತ್ತು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಒಂದು ಫೇಸ್ ಹೋದರೂ ಮೋಟಾರ್ ತಿರುಗುತ್ತಲೇ ಇರುತ್ತದೆ. ಉಳಿದ ಎರಡರಲ್ಲಿ ಕರೆಂಟ್ ಏರಿ ವೈಂಡಿಂಗ್ ಹೋಗುತ್ತದೆ. ನೀರು ಖಾಲಿಯಾದ ಮೇಲೂ ಓಡಿದರೆ ಪಂಪ್ ಹಾಳು. ಇವೆರಡನ್ನೂ ಕಂಡುಹಿಡಿದು ಮೋಟಾರ್ ನಿಲ್ಲಿಸಿ, ಅಪ್ಪನ ಮೊಬೈಲ್‌ಗೆ ಮೆಸೇಜ್ ಕಳಿಸುವ ಬೋರ್ಡ್ ಮಾಡಿದೆ. ಅಂಗಡಿಯಲ್ಲಿ ಅಂಥದು ಸಿಗುತ್ತದೆ, ಹೊಸದೇನೂ ಅಲ್ಲ. ಆದರೆ ನಾನು ಮಾಡಿದ್ದು ಮೊದಲ ದಿನವೇ ತೊಂದರೆ ಕೊಟ್ಟಿತು. ಮೋಟಾರ್ ಆನ್ ಆದ ಕೂಡಲೇ ಟ್ರಿಪ್. ಸ್ಟಾರ್ಟ್ ಆಗುವಾಗ ಮೋಟಾರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ನನ್ನ ಪ್ರೋಗ್ರಾಂ ಅದನ್ನೇ ಫಾಲ್ಟ್ ಅಂದುಕೊಂಡಿತ್ತು. ಮೊದಲ ಕೆಲವು ಸೆಕೆಂಡ್ ಆ ಓದಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿದ ಮೇಲೆ ಸರಿಹೋಯಿತು.

ನನ್ನ ಮೊದಲ ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಇದೊಂದರ ಮೇಲೇ ಮಾತಾಯಿತು. ಎಷ್ಟು ಸೆಕೆಂಡ್ ಬಿಟ್ಟೆ, ಯಾಕೆ ಅಷ್ಟು, ಅಷ್ಟರಲ್ಲೇ ನಿಜವಾದ ಫಾಲ್ಟ್ ಬಂದಿದ್ದರೆ ಏನು ಗತಿ ಅಂತ ಕೇಳಿದರು. ಕೊನೆಯದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರೆದುರೇ ಕೂತು ಯೋಚಿಸಿದೆ. ಕೆಲಸ ಸಿಕ್ಕಿತು. ಒಂದು ಮಾತು: ತ್ರೀ ಫೇಸ್ ಲೈನ್ ಅನ್ನು ಒಬ್ಬರೇ ಮುಟ್ಟಬೇಡಿ. ನನ್ನ ಜೊತೆ ಊರಿನ ಮೋಟಾರ್ ರಿಪೇರಿಯವರು ಇದ್ದರು. ಅವರಿಂದ ಕಲಿತದ್ದು ಪುಸ್ತಕಕ್ಕಿಂತ ಜಾಸ್ತಿ.

ಓದುವ ವಿಷಯಕ್ಕೆ ಬಂದರೆ, ಸಿ ಭಾಷೆ ಚೆನ್ನಾಗಿ ಬರಬೇಕು. ಪಾಯಿಂಟರ್, ಒಂದು ರಿಜಿಸ್ಟರ್‌ನ ಒಂದೇ ಬಿಟ್ ಸೆಟ್ ಮಾಡುವುದು, 'ವೊಲಟೈಲ್' ಯಾಕೆ ಬೇಕು, ಇಂಟರಪ್ಟ್ ಬಂದಾಗ ಒಳಗೆ ಏನಾಗುತ್ತದೆ. ಆಮೇಲೆ ಚಿಪ್‌ಗಳು ಒಂದಕ್ಕೊಂದು ಮಾತಾಡುವ ವಿಧಾನಗಳಾದ ಯುಎಆರ್‌ಟಿ, ಎಸ್‌ಪಿಐ, ಐ2ಸಿ. ವಾಹನದ ಕಡೆ ಬರುವುದಾದರೆ ಕ್ಯಾನ್, ಅಂದರೆ ವಾಹನದ ಕಂಟ್ರೋಲರ್‌ಗಳು ಮಾತಾಡಿಕೊಳ್ಳುವ ವಿಧಾನ. 1986ರಲ್ಲಿ ಬಾಷ್ ತಂದದ್ದು, ಇವತ್ತಿಗೂ ಕಾರುಗಳ ಒಳಗೆ ಓಡುತ್ತಿರುವುದು ಅದೇ. ಹೊಸಬರಿಗೆ ನಾವು ಕೇಳುವುದು ಇಷ್ಟರ ಸುತ್ತಲೇ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಉಚಿತವಾಗಿ ಸಿಗುತ್ತದೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಫೀಸು.

ಚಿಪ್ ಡಿಸೈನ್ ಕೂಡ ಇ ಅಂಡ್ ಸಿಯವರದೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂತು, ಆಮೇಲೆ ಆ ಕೆಲಸ ಇಲ್ಲಿ ಬಹಳ ಬೆಳೆಯಿತು. ಬಿಇ ಮುಗಿಸಿದವರಿಗೆ ವೆರಿಫಿಕೇಶನ್ ಕಡೆ, ಅಂದರೆ ಚಿಪ್ ಡಿಸೈನ್ ಸರಿಯಿದೆಯೇ ಅಂತ ಪರೀಕ್ಷಿಸುವ ಕೆಲಸಕ್ಕೆ, ಬಾಗಿಲು ಸ್ವಲ್ಪ ತೆರೆದಿದೆ. ಆದರೆ ದುಬಾರಿ ಕೋರ್ಸ್‌ಗೆ ಸೇರುವ ಮೊದಲು ಎರಡು ತಿಂಗಳು ನೀವೇ ವೆರಿಲಾಗ್ (ಚಿಪ್ ಡಿಸೈನ್ ಬರೆಯುವ ಭಾಷೆ) ಬರೆದು ನೋಡಿ. ಇಷ್ಟವಾದರೆ ಮುಂದುವರಿಯಿರಿ.

ಸರ್ವೀಸ್ ಕಂಪನಿಯ ಡೆವಲಪರ್, ಮೈಸೂರು:

ಅಕ್ಕ ಹೇಳಿದ್ದು ಸರಿ. ಆದರೆ ಕ್ಯಾಂಪಸ್ ಅನ್ನು ಕೈಬಿಡಬೇಡಿ ತಂಗಿ. ಹತ್ತು, ಪಿಯು, ಬಿಇ ಮೂರರಲ್ಲೂ 60 ಪರ್ಸೆಂಟ್, ಬಾಕಿ ಸಬ್ಜೆಕ್ಟ್ ಇಲ್ಲ ಅನ್ನುವುದೇ ಎಷ್ಟೋ ಕಂಪನಿಗಳ ಮೊದಲ ಜರಡಿ. ಕ್ಲಿಯರ್ ಆದ ಮ್ಯಾಥ್ಸ್ ನಿಮಗೆ ಅಡ್ಡ ಬರುವುದು ಕಡಿಮೆ. ಆಪ್ಟಿಟ್ಯೂಡ್‌ಗೆ ದಿನಕ್ಕೆ ಮುಕ್ಕಾಲು ಗಂಟೆ ಸಾಕು. ನಾನು ಗಡಿಯಾರ ಇಟ್ಟುಕೊಂಡು ಲೆಕ್ಕ ಮಾಡದೆ ಮೂರು ಟೆಸ್ಟ್‌ನಲ್ಲಿ ಹೋದೆ. ಲೆಕ್ಕ ಬರುತ್ತಿತ್ತು, ಟೈಮ್ ಸಾಲುತ್ತಿರಲಿಲ್ಲ.

ಇನ್ನೊಂದು ಎಚ್ಚರಿಕೆ. ನನಗೆ ಕ್ಯಾಂಪಸ್‌ನಲ್ಲಿ ಆಫರ್ ಆದ ಮೇಲೆ ಜಾಯಿನಿಂಗ್ ಡೇಟ್ ಬರಲು ಹನ್ನೊಂದು ತಿಂಗಳು ಹಿಡಿಯಿತು. ಆಫರ್ ಇದೆಯಲ್ಲ ಅಂತ ಮೊದಲ ಐದು ತಿಂಗಳು ಸುಮ್ನೆ ಕೂತೆ. ಆ ಐದು ತಿಂಗಳು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಫರ್ ಬಂದ ಮೇಲೂ ಹುಡುಕುವುದನ್ನು ನಿಲ್ಲಿಸಬೇಡಿ.

ಸಂಬಳದ ಲೆಕ್ಕವನ್ನೂ ಮನೆಯಲ್ಲಿ ಮೊದಲೇ ಹೇಳಿಡಿ. ಸಿಟಿಸಿ (ವರ್ಷಕ್ಕೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು) ಮೂರೂವರೆ ಲಕ್ಷ ಅಂದರೆ ಅದನ್ನು ಹನ್ನೆರಡರಿಂದ ಭಾಗಿಸಿ ಅಷ್ಟು ಕೈಗೆ ಬರುತ್ತದೆ ಅಂದುಕೊಳ್ಳುತ್ತಾರೆ. ಪಿಎಫ್‌ನಲ್ಲಿ ನಿಮ್ಮ ಪಾಲು, ಕಂಪನಿಯ ಪಾಲು, ಗ್ರಾಚ್ಯುಟಿ, ಇನ್ಶೂರೆನ್ಸ್ ಎಲ್ಲ ಅದರೊಳಗೇ ಸೇರಿರುತ್ತವೆ. ಆಮೇಲೆ ಬೆಂಗಳೂರಿನ ಪಿಜಿ ಬಾಡಿಗೆ. ಮೊದಲ ವರ್ಷ ಊರಿಗೆ ಕಳಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಸರ್ಕಾರಿ ಕೆಲಸದಲ್ಲಿರುವ ಎಲೆಕ್ಟ್ರಿಕಲ್ ಎಂಜಿನಿಯರ್, ಬಳ್ಳಾರಿ ಕಡೆ:

ಯಾರೂ ಅಪ್ರೆಂಟಿಸ್ ವಿಷಯ ಹೇಳಲಿಲ್ಲ. ಬಿಇ ಮುಗಿದ ಮೇಲೆ ಕೇಂದ್ರದ ಅಪ್ರೆಂಟಿಸ್ ಯೋಜನೆಯಾದ ನ್ಯಾಟ್ಸ್‌ನ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಬಿಇಎಲ್, ಎಚ್‌ಎಎಲ್ ಥರದ ಸಂಸ್ಥೆಗಳು ಪದವೀಧರ ಅಪ್ರೆಂಟಿಸ್ ತೆಗೆದುಕೊಳ್ಳುತ್ತವೆ. ಒಂದು ವರ್ಷ, ಸ್ಟೈಪೆಂಡ್ ಇರುತ್ತದೆ. ಖಾಯಂ ಮಾಡುವ ಭರವಸೆ ಇಲ್ಲ, ಅದನ್ನು ತಿಳಿದೇ ಹೋಗಿ. ಆದರೆ ನಿಜವಾದ ಕಾರ್ಖಾನೆಯಲ್ಲಿ ಡ್ರಾಯಿಂಗ್ ಓದುವುದು, ಟೆಸ್ಟ್ ಬೆಂಚ್, ಇನ್ಸ್‌ಪೆಕ್ಷನ್ ನೋಡಿದ ಒಂದು ವರ್ಷ ನನ್ನನ್ನು ಬದಲಿಸಿತು. ಬೇರೆ ಕಡೆ ಒಂದು ವರ್ಷ ಕೆಲಸ ಮಾಡಿದ ಮೇಲೆ ಈ ಅವಕಾಶ ಇರುವುದಿಲ್ಲ, ಹಾಗಾಗಿ ಪಾಸಾದ ಕೂಡಲೇ ನೋಡಬೇಕು.

ಗೇಟ್ ಪರೀಕ್ಷೆ ಬರೆಯುವ ಮನಸ್ಸಿದ್ದರೆ ಈಗಲೇ ತೀರ್ಮಾನ ಮಾಡಿ. ಪರೀಕ್ಷೆ ಫೆಬ್ರವರಿಯಲ್ಲಿ. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಎಂಟೆಕ್‌ಗೂ ಆಗುತ್ತದೆ, ಕೇಂದ್ರದ ಕೆಲವು ಉದ್ದಿಮೆಗಳ ಕೆಲಸಕ್ಕೂ ಆಗುತ್ತದೆ. 100 ಅಂಕದಲ್ಲಿ 15 ಆಪ್ಟಿಟ್ಯೂಡ್‌ಗೇ ಇದೆ, ಅದನ್ನು ಬಿಟ್ಟುಕೊಡಬೇಡಿ. ಇಸ್ರೋದ ಎಂಜಿನಿಯರ್ ಹುದ್ದೆಗೆ 65 ಪರ್ಸೆಂಟ್ ಅಥವಾ 6.84 ಸಿಜಿಪಿಎ ಕೇಳುತ್ತಾ ಬಂದಿದ್ದಾರೆ. ನಿಮ್ಮದು 7.1, ಅದನ್ನು ಕೆಳಗೆ ಬಿಡಬೇಡಿ. ಆದರೆ ರಾಜ್ಯದ ನೇಮಕಾತಿಗಳನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಅಧಿಸೂಚನೆಯಿಂದ ಆದೇಶದ ತನಕ ನಾನು ಕಾದದ್ದು ಎರಡೂವರೆ ವರ್ಷ. ಆ ದಿನಗಳಲ್ಲಿ ನನ್ನ ಹೊಟ್ಟೆ ತುಂಬಿಸಿದ್ದು ಡಿಪ್ಲೊಮಾ ಮಕ್ಕಳಿಗೆ ಹೇಳಿದ ಟ್ಯೂಷನ್.

ಮೆಕ್ಯಾನಿಕಲ್, ಪೀಣ್ಯ:

ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ರೆಸ್ಯೂಮೆ ಹಿಡಿದು ಗೇಟಿನಿಂದ ಗೇಟಿಗೆ ನಡೆದು ಕೆಲಸ ಹುಡುಕಿದವನು. ಹದಿನೇಳು ಗೇಟು, ನಾಲ್ಕು ದಿನ. ಹದಿನೈದು ಕಡೆ ಒಳಗೆ ಬಿಡಲಿಲ್ಲ. ಒಂದು ಕಡೆ ಮಾಲೀಕರೇ ಹೊರಗೆ ಬಂದು ಮಾತಾಡಿಸಿ, ಕೈಗೆ ವರ್ನಿಯರ್ ಕೊಟ್ಟು ಅಳತೆ ಹೇಳು ಅಂದರು. ಹೇಳಿದೆ. ಮರುದಿನದಿಂದ ಬಾ ಅಂದರು. ಸಂಬಳ ಕಡಿಮೆ ಇತ್ತು, ಆದರೆ ಒಂದೂವರೆ ವರ್ಷದಲ್ಲಿ ಸಿಎನ್‌ಸಿ ಪ್ರೋಗ್ರಾಂನಿಂದ ಕೊಟೇಶನ್ ತನಕ ಕಲಿತೆ. ಎಲೆಕ್ಟ್ರಾನಿಕ್ಸ್‌ನವರಿಗೂ ಇಲ್ಲಿ ಪ್ಯಾನೆಲ್ ಮಾಡುವವರು, ಪಿಸಿಬಿ ಜೋಡಿಸುವವರು, ಸಣ್ಣ ಆಟೊಮೇಷನ್ ಕಂಪನಿಗಳು ಇದ್ದಾರೆ. ಮೆಕ್ಯಾನಿಕಲ್‌ನವರು ಯಾರಾದರೂ ಓದುತ್ತಿದ್ದರೆ, ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯ ಕೋರ್ಸುಗಳನ್ನು ನೋಡಿ. ಮೆಷಿನ್ ಮೇಲೆ ಕೈಯಿಟ್ಟು ಕಲಿಸುತ್ತಾರೆ.

ಕನ್ನಡ ಮೀಡಿಯಂ, ಈಗ ಪುಣೆಯಲ್ಲಿ:

ಇಂಗ್ಲಿಷ್ ಬಗ್ಗೆ ನಾನು ಹೇಳುತ್ತೇನೆ. ನನಗೂ ಗಂಟಲು ಕಟ್ಟುತ್ತಿತ್ತು. ಸ್ಪೋಕನ್ ಇಂಗ್ಲಿಷ್ ಕ್ಲಾಸ್‌ಗೆ ಎರಡು ತಿಂಗಳು ಹೋದೆ, ಹವಾಮಾನ, ಪ್ರವಾಸ ಅಂತ ಮಾತಾಡಿಸಿದರು. ಇಂಟರ್‌ವ್ಯೂನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಆಮೇಲೆ ಬೇರೆ ದಾರಿ ಹಿಡಿದೆ. ನನ್ನ ಪ್ರಾಜೆಕ್ಟ್ ಬಗ್ಗೆ ಐದು ನಿಮಿಷ ಮಾತಾಡಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ಕನ್ನಡದಲ್ಲೇ ತಡವರಿಸಿದ ಜಾಗ ಅಂದರೆ ನನಗೆ ವಿಷಯವೇ ತಿಳಿಯದ ಜಾಗ. ಅದನ್ನು ಓದಿಕೊಂಡು ಮತ್ತೆ ಹೇಳುತ್ತಿದ್ದೆ. ನಲವತ್ತು ದಿನ ಮಾಡಿದೆ. ವ್ಯಾಕರಣ ಇವತ್ತಿಗೂ ಅಲ್ಲಲ್ಲಿ ತಪ್ಪುತ್ತದೆ, ಕೆಲಸಕ್ಕೆ ತೊಂದರೆ ಆಗಿಲ್ಲ.

ಸೀನಿಯರ್‌ಗಳಿಗೆ ಬರೆಯಲು ನಾಚಿಕೆ ಬೇಡ. 'ಕೆಲಸ ಕೊಡಿಸಿ' ಅಂತ ಬರೆದರೆ ಉತ್ತರ ಬರುವುದು ಕಷ್ಟ. 'ನಾನು ನಿಮ್ಮ ಕಾಲೇಜೇ, ಇಂಥ ಪ್ರಾಜೆಕ್ಟ್ ಮಾಡಿದ್ದೇನೆ, ನಿಮ್ಮ ಟೀಮ್‌ನಲ್ಲಿ ಹೊಸಬರಿಗೆ ಏನು ಬರಬೇಕು' ಅಂತ ಕೇಳಿ. ನಾನು ಇಪ್ಪತ್ತಾರು ಜನಕ್ಕೆ ಬರೆದೆ, ಏಳು ಜನ ಉತ್ತರಿಸಿದರು. ಅವರಲ್ಲಿ ಒಬ್ಬರು ರೆಫರ್ ಮಾಡಿದರು.

ವಿದ್ಯಾರ್ಥಿನಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ದುಡ್ಡು ಬ್ಯಾಂಕಿನಲ್ಲೇ ಇರಲಿ ಬಿಡು ಅಂದರು. ದಾವಣಗೆರೆ ಅಕ್ಕಾ, ನಮ್ಮಲ್ಲೂ ಹೋದ ಬೇಸಿಗೆಯಲ್ಲಿ ಮೋಟಾರ್ ಸುಟ್ಟಿತ್ತು. ನಾನೂ ಅಂಥದೇ ಪ್ರಾಜೆಕ್ಟ್ ಮಾಡಿದರೆ ನಿಮ್ಮದನ್ನೇ ನಕಲು ಮಾಡಿದ ಹಾಗಾಗುತ್ತದಾ? ಮತ್ತೆ ಯಾವ ಬೋರ್ಡ್ ಕೊಳ್ಳಲಿ?

ಎಂಬೆಡೆಡ್ ಎಂಜಿನಿಯರ್, ಊರು ದಾವಣಗೆರೆ:

ನಕಲು ಹೇಗಾಗುತ್ತದೆ? ನಿಮ್ಮ ಮೋಟಾರ್, ನಿಮ್ಮ ಬೋರ್, ನಿಮ್ಮ ಊರಿನ ವೋಲ್ಟೇಜ್. ಮೊದಲು ರಿಪೇರಿ ಮಾಡಿದವರ ಹತ್ತಿರ ಹೋಗಿ, ವೈಂಡಿಂಗ್ ಯಾವ ಥರ ಸುಟ್ಟಿತ್ತು ಅಂತ ಕೇಳಿ. ಒಂದು ಫೇಸ್ ಹೋಗಿ ಸುಟ್ಟದ್ದೋ, ಓವರ್‌ಲೋಡ್‌ನಿಂದ ಪೂರ್ತಿ ಕರಕಲಾದದ್ದೋ, ಅವರಿಗೆ ನೋಡಿದ ತಕ್ಷಣ ಗೊತ್ತಾಗಿರುತ್ತದೆ. ಪ್ರಾಜೆಕ್ಟ್ ಅಲ್ಲಿಂದ ಶುರು. ಬೋರ್ಡ್ ಈಗಲೇ ಕೊಳ್ಳಬೇಡಿ. ಲ್ಯಾಬ್‌ನಲ್ಲಿ ಇರುವುದರಲ್ಲೇ ಮೊದಲು ಒಂದು ಎಲ್‌ಇಡಿ, ಒಂದು ರಿಲೇ ಓಡಿಸಿ. ರಜೆಯಲ್ಲಿ ಬೆಂಗಳೂರಿಗೆ ಬಂದರೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡ್‌ಗೆ ಒಟ್ಟಿಗೆ ಹೋಗೋಣ. ಬರುವಾಗ ಹಳೇ ಸ್ಟಾರ್ಟರ್ ಡಬ್ಬಿಯ ಫೋಟೊ, ಮೋಟಾರ್ ಮೇಲಿನ ನೇಮ್‌ಪ್ಲೇಟ್ ಫೋಟೊ ಎರಡೂ ತೆಗೆದುಕೊಂಡು ಬನ್ನಿ.